ದ್ವೀಪದ ಸಾಲ, ಜೀರಿಗೆ ಕಷಾಯ

ಇಂಥವು ನಡೆಯುತ್ತಲೇ ಇರುತ್ತವೆ ಎಂದು ನಮ್ಮವರು, ಅಂದರೆ ನನ್ನ ಗಂಡ, ಹೇಳುತ್ತಿದ್ದರು. ಸಂಜೆ ಕೆಲಸದಿಂದ ಬಂದು ಊಟಕ್ಕೆ ಕೂತರೆ, ದೇಶದೇಶಗಳ ದೊಡ್ಡ ಮನುಷ್ಯರು ಆ ದಿನ ಮೇಜಿನ ಸುತ್ತ ಕೂತು ಏನು ಮಾಡಿದರೆಂದು ಒಂದಾದರೂ ಕಥೆ ಇರುತ್ತಿತ್ತು. ನಾನು ಗಣಿತದ ಟೀಚರ್. ಕೇಳಿದ್ದರಲ್ಲಿ ಅರ್ಧ ಕಳೆದು ಉಳಿದರ್ಧವನ್ನು ಮಾತ್ರ ನಂಬುತ್ತಿದ್ದೆ. ಈಗ ಆ ಕಳೆದ ಅರ್ಧವನ್ನೂ ಅವರಿಗೆ ಹಿಂದಿರುಗಿಸಬೇಕಾಗಿದೆ.

ನಮ್ಮವರು ಕೆಲಸ ಮಾಡುತ್ತಿದ್ದದ್ದು ಇಲ್ಲಿ ದುಬೈಯ ಜುಮೇರಾ ಲೇಕ್ ಟವರ್ಸ್‌ನ ಒಂದು ಸಣ್ಣ ಆಫೀಸಿನಲ್ಲಿ. ಅದರ ಮಾಲೀಕರು ನಮ್ಮೂರ ಕಡೆಯ ಬ್ಯಾರಿ. ಎರಡು ಸಲ ಹಜ್‌ಗೆ ಹೋಗಿ ಬಂದವರಾದ್ದರಿಂದ ಎಲ್ಲರಿಗೂ ಹಾಜಿಯವರು. ಎರಡು ಕಡೆಯವರು ದೊಡ್ಡ ಕರಾರಿಗೆ ಕೂತಾಗ ಕಾಗದಪತ್ರ ಮುದ್ರಿಸಿ ಕೊಡುವುದು, ಹಳೆಯ ಪ್ರತಿಗೂ ಹೊಸ ಪ್ರತಿಗೂ ತಾಳೆ ನೋಡುವುದು, ಯಾರು ಏನು ಹೇಳಿದರೆಂದು ಬರೆದಿಡುವುದು ಅವರ ವ್ಯವಹಾರ. ನಮ್ಮವರು ಹನ್ನೊಂದು ವರ್ಷ ಅಲ್ಲಿ ತಾಳೆ ನೋಡಿದರು. ಎಂಟು ತಿಂಗಳ ಹಿಂದೆ ತೀರಿಕೊಂಡರು.

ಡಿಸೆಂಬರ್ ರಜೆ ಶುರುವಾದ ದಿನ ಹಾಜಿಯವರ ಫೋನ್ ಬಂತು.

"ಟೀಚರೇ, ಊದ್ ಮೇಥಾದಲ್ಲಿ ಶಾಲೆಗೆಲ್ಲ ರಜೆ ಅಲ್ವಾ? ಹತ್ತು ದಿನ ಬಂದು ಕೂತ್ಕೊಳ್ಳಿ. ಅಂಕಿ ನೋಡುವುದು, ಬರೆಯುವುದು. ಅಷ್ಟೇ."

"ನನಗೆ ಆ ಕೆಲಸ ಗೊತ್ತಿಲ್ಲ ಹಾಜಿಯವರೇ."

"ಇಪ್ಪತ್ತೈದು ಫಿಲ್ಸ್ ಹೆಚ್ಚು ಹಾಕಿದ್ದಾರೆ ಅಂತ ಸೂಪರ್‌ಮಾರ್ಕೆಟಿಗೆ ವಾಪಸ್ ನಡೆದುಕೊಂಡು ಹೋದವರು ನೀವೇ ಅಲ್ವಾ? ನಿಮ್ಮ ಯಜಮಾನ್ರು ಹೇಳಿದ್ದು. ನನಗೆ ಅಂಥವರೇ ಬೇಕು ಮಾರಾಯ್ರೆ."

ಪಕ್ಕದಲ್ಲಿ ಕೂತು ಕೇಳುತ್ತಿದ್ದ ಮಗಳು, ಅವಳು ಹನ್ನೊಂದನೇ ತರಗತಿ, ಮೊಬೈಲಿನಿಂದ ತಲೆಯೆತ್ತದೆ ಹೇಳಿದಳು: "ಗೋ ಅಮ್ಮಾ. ಯು ಆರ್ ಕ್ಲೀನಿಂಗ್ ದ ಸೇಮ್ ಶೆಲ್ಫ್ ಎವ್ರಿಡೇ."

ಅದು ನಿಜವಾಗಿತ್ತು. ಹೋದೆ.

ವಿಷಯ ಇಷ್ಟು. ಒಂದು ಸಣ್ಣ ದ್ವೀಪದೇಶ ಬಂದರು ಕಟ್ಟಲು ಅಬುಧಾಬಿಯ ಒಂದು ನಿಧಿಯಿಂದ ಸಾಲ ತೆಗೆದುಕೊಂಡಿತ್ತು. ವರ್ಷದ ಕೊನೆಯ ದಿನ ದೊಡ್ಡ ಕಂತು ಕಟ್ಟಬೇಕು. ಕಟ್ಟಲು ಹಣವಿಲ್ಲ. ಹಳೆಯ ಸಾಲಕ್ಕೆ ಹೊಸ ಕರಾರು ಮಾಡಿ ಆರು ವರ್ಷದ ಅವಧಿ ಕೊಡಿ ಎಂದು ದ್ವೀಪದವರು. ಮೂರು ವರ್ಷ, ಒಂದು ದಿನ ಹೆಚ್ಚಿಲ್ಲ ಎಂದು ನಿಧಿಯವರು. ಆರೋ ಮೂರೋ, ಹತ್ತು ದಿನ ನಡೆದದ್ದು ಇದೊಂದೇ. ದೇಶದ ಹೆಸರು ಹೇಳುವುದಿಲ್ಲ. ಸಹಿ ಹಾಕಿ ಕೊಟ್ಟಿದ್ದೇನೆ.

ಗುಟ್ಟು

ಆ ಸಹಿಯಿಂದಲೇ ಶುರುವಾಯಿತು. ಮೊದಲ ದಿನ ಹಾಜಿಯವರು ನನ್ನ ಮುಂದೆ ಹದಿನಾಲ್ಕು ಪುಟದ ಕಾಗದ ಇಟ್ಟರು. ಇಲ್ಲಿ ಕೇಳಿದ್ದನ್ನು ಹೊರಗೆ ಹೇಳುವುದಿಲ್ಲ ಎಂಬ ಒಪ್ಪಂದ.

"ಕೊನೆಯ ಪುಟದಲ್ಲಿ ಒಂದು ಸಹಿ ಹಾಕಿ ಟೀಚರೇ."

ನಾನು ಮೊದಲ ಪುಟದಿಂದ ಓದತೊಡಗಿದೆ. ಅವರು ಎದ್ದು ಹೋಗಿ ಚಹಾ ಕುಡಿದು ಬಂದರು. ನಾನು ಆರನೇ ಪುಟದಲ್ಲಿದ್ದೆ. ಎರಡು ಫೋನ್ ಮಾಡಿ ಬಂದರು. ಹನ್ನೊಂದನೇ ಪುಟದಲ್ಲಿದ್ದೆ. ಅಲ್ಲಿ 'ಹದಿನಾರನೇ ಪುಟದಲ್ಲಿ ಹೇಳಿದ ಶಿಕ್ಷೆ ಅನ್ವಯಿಸುತ್ತದೆ' ಎಂದಿತ್ತು.

"ಹಾಜಿಯವರೇ, ಹದಿನಾರನೇ ಪುಟ ಎಲ್ಲಿ?"

ಅವರು ಕಾಗದ ತಿರುಗಿಸಿ ನೋಡಿದರು. ಹಿಂದೆ ಮುಂದೆ ನೋಡಿದರು. ಆಮೇಲೆ ಕಪಾಟು ತೆರೆದು ಹಳಬರು ಸಹಿ ಹಾಕಿದ ಒಪ್ಪಂದಗಳನ್ನೆಲ್ಲ ತೆಗೆದರು. ನಮ್ಮವರದೂ ಅದರಲ್ಲಿತ್ತು, ಅದೇ ಓರೆ ಸಹಿ. ಒಂದರಲ್ಲೂ ಹದಿನಾರನೇ ಪುಟ ಇರಲಿಲ್ಲ.

"ಹನ್ನೊಂದು ವರ್ಷದಲ್ಲಿ ಇದನ್ನು ಓದಿದವರು ನೀವೊಬ್ಬರೇ," ಅಂದರು ಹಾಜಿಯವರು. "ಬರೆದವನೂ ಓದಿರಲಿಕ್ಕಿಲ್ಲ."

ಶಿಕ್ಷೆ ಏನೆಂದು ಗೊತ್ತಿಲ್ಲದಿದ್ದರೂ ನಾನು ಗುಟ್ಟನ್ನು ಚೆನ್ನಾಗಿಯೇ ಕಾಪಾಡಿದೆ. ಮಗಳು ಎರಡು ಸಲ ಕೇಳಿದರೂ ದೇಶದ ಹೆಸರು ಹೇಳಲಿಲ್ಲ. ಮರುದಿನ ತಡವಾಯಿತೆಂದು ಟ್ಯಾಕ್ಸಿ ಹತ್ತಿದೆ. ಕಟ್ಟಡದ ಹೆಸರು ಹೇಳಿದ ಕೂಡಲೇ ಪೇಶಾವರದ ಡ್ರೈವರ್ ಹಿಂದಿಯಲ್ಲಿ ಮಾತು ತೆಗೆದ. ಆ ಸಾಲದ ದೇಶದವರನ್ನು ಏರ್‌ಪೋರ್ಟಿನಿಂದ ಕರೆತಂದವನು ತಾನೇ ಅಂತೆ. ದೇಶದ ಹೆಸರು ಹೇಳಿದ. ಅವರು ಆರು ಕೇಳುತ್ತಿದ್ದಾರೆ, ಇವರು ಮೂರು ಅನ್ನುತ್ತಿದ್ದಾರೆ, ಕೊನೆಗೆ ನಾಲ್ಕೂವರೆಗೆ ಮುಗಿಯುತ್ತದೆ ಎಂದು ತನ್ನ ಅಂದಾಜನ್ನೂ ಹೇಳಿದ.

"ಹೌದೇ? ಯಾವ ಸಾಲ?" ಎಂದೆ. ಹದಿನಾಲ್ಕು ಪುಟಕ್ಕೆ ಸಹಿ ಹಾಕಿದವಳು ಇನ್ನೇನು ಹೇಳಲಿ.

ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. ಇಳಿಯುವಾಗ ಚಿಲ್ಲರೆ ಕೊಡುತ್ತಾ, ಚಿಂತೆ ಮಾಡಬೇಡಿ ಮೇಡಂ, ಹೊಸ ಕೆಲಸವಿರಬೇಕು, ನಿಧಾನಕ್ಕೆ ನಿಮಗೂ ವಿಷಯ ಹೇಳುತ್ತಾರೆ ಎಂದು ಸಮಾಧಾನ ಮಾಡಿದ.

ಏಳನೇ ಪುಟ

ತಾಳೆ ನೋಡುವುದೆಂದರೆ ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ತಮ್ಮ ಪ್ರತಿಯಲ್ಲಿ ಗುರುತು ಹಾಕಬೇಕು. ಕಂತುಗಳ ಪಟ್ಟಿ ಒಟ್ಟು ಒಂಬತ್ತು ಪುಟ. ಮೇಜಿನ ಎರಡೂ ಕಡೆ ವಕೀಲರು, ಒಟ್ಟು ಹತ್ತು ಮಂದಿ, ಹೆಚ್ಚಿನವರು ಲಂಡನ್ನಿನಿಂದ ಬಂದವರು. ಮೊಬೈಲ್ ನೋಡುತ್ತಾ, ಕುರ್ಚಿಯಲ್ಲಿ ಜಾರಿ ಕೂತಿದ್ದರು. ನಾನು ಎದ್ದು ನಿಂತೆ. ಕೂತು ಓದಿ ನನಗೆ ಅಭ್ಯಾಸವಿಲ್ಲ.

"ಒಂದನೇ ಪುಟ, ಒಂದನೇ ಸಾಲು. ಎಲ್ಲರೂ ತೆಗೆದಿರಾ?"

ಬೇಕೆಂದು ಹೇಳಿದ್ದಲ್ಲ, ಇಪ್ಪತ್ತೆರಡು ವರ್ಷ ಹೇಳಿದ ಬಾಯಿ. ಒಬ್ಬರು ಮೊಬೈಲ್ ಕೆಳಗಿಟ್ಟರು. ಇನ್ನೊಬ್ಬರು ಬೆನ್ನು ನೆಟ್ಟಗೆ ಮಾಡಿದರು. ಮೂರನೇ ಪುಟಕ್ಕೆ ಬರುವಾಗ ಹತ್ತು ಜನರೂ ಪೆನ್ಸಿಲ್ ಹಿಡಿದು ಸಾಲಿನ ಮೇಲೆ ಬೆರಳಿಟ್ಟುಕೊಂಡಿದ್ದರು.

ಏಳನೇ ಪುಟದ ಮೊತ್ತದಲ್ಲಿ ಒಂದು ಸಾವಿರ ವ್ಯತ್ಯಾಸ ಬಂತು. ಹೇಳಿದೆ.

"ಇಷ್ಟು ಕೋಟಿಯಲ್ಲಿ ಒಂದು ಸಾವಿರ ಏನು, ಬಿಡಿ ಮೇಡಂ," ಎಂದರು ಒಬ್ಬರು.

"ಆಗಲಿ. ಯಾವ ಕಡೆಯವರು ಬಿಟ್ಟರೆಂದು ಬರೆದುಕೊಳ್ಳಲಿ?"

ಯಾರೂ ಬಿಡಲಿಲ್ಲ. ಹತ್ತು ಜನರೂ ಮತ್ತೆ ಕೂಡತೊಡಗಿದರು. ಆ ನಿಶ್ಶಬ್ದದಲ್ಲಿ ತುದಿಯಲ್ಲಿ ಕೂತಿದ್ದ ಹಿರಿಯ ವಕೀಲರು, ತಲೆಯೆಲ್ಲ ಬೆಳ್ಳಗಾದವರು, ಮೆಲ್ಲಗೆ ಕೈ ಎತ್ತಿದರು. ಏನೋ ತಪ್ಪು ಸಿಕ್ಕಿದೆ ಅಂದುಕೊಂಡು ನಾನು ತಲೆಯಾಡಿಸಿದೆ.

"ಮಿಸ್," ಎಂದರು ಅವರು, "ನಾನು ಬಾತ್‌ರೂಮಿಗೆ ಹೋಗಬಹುದೇ?"

ಹನ್ನೊಂದು ಫಿಂಜಾನ್

ಆರನೇ ದಿನದಿಂದ ಮಾತುಕತೆ ಅಬುಧಾಬಿಗೆ ಹೋಯಿತು, ಹಮ್ದಾನ್ ಸ್ಟ್ರೀಟಿನಲ್ಲಿ ನಿಧಿಯವರ ಹಳೆಯ ಕಚೇರಿಗೆ. ಬೆಳಿಗ್ಗೆ ಹಾಜಿಯವರ ಕಾರಿನಲ್ಲಿ ಹೋಗಿ ಸಂಜೆ ಬರುವುದು. ನಾನು ನಮ್ಮವರ ಸ್ಟೀಲ್ ಫ್ಲಾಸ್ಕಿನಲ್ಲಿ ಜೀರಿಗೆ ಕಷಾಯ ಒಯ್ಯುತ್ತಿದ್ದೆ. ಅವರಿಗೆ ಹೊಟ್ಟೆಯುರಿ ಇತ್ತು, ಅದಕ್ಕೆಂದು ದಿನವೂ ಮಾಡುತ್ತಿದ್ದದ್ದು. ನನ್ನದು ಒಂದು ಲೋಟ, ಅವರದು ಎರಡು. ಈಗಲೂ ನೀರಿಡುವಾಗ ಕೈ ಮೂರು ಲೋಟವನ್ನೇ ಅಳೆಯುತ್ತದೆ. ಸಂಜೆ ಎರಡು ಲೋಟ ಸಿಂಕಿಗೆ ಚೆಲ್ಲುತ್ತೇನೆ.

ದ್ವೀಪದ ಪರವಾಗಿ ಮಾತಾಡುತ್ತಿದ್ದವರು ಅಲ್ಲಿನ ಹಣಕಾಸು ಇಲಾಖೆಯ ಉಪಕಾರ್ಯದರ್ಶಿ. ಎತ್ತರದ ಮನುಷ್ಯ, ತೆಳು ಕೋಟು, ಮಾತು ಕಡಿಮೆ. ನಾನು ಟೀಚರ್ ಎಂದು ತಿಳಿದ ಮೇಲೆ ಅವರಾಗಿಯೇ ಬಂದು ಪಕ್ಕದಲ್ಲಿ ಕೂತರು.

"ನನ್ನ ಹೆಂಡತಿಯೂ ಟೀಚರ್. ಎರಡು ತಿಂಗಳಿಂದ ಸಂಬಳ ಇಲ್ಲ. ನಮ್ಮಲ್ಲಿ ಯಾವ ಟೀಚರಿಗೂ ಇಲ್ಲ. ಆರು ವರ್ಷ ಸಿಕ್ಕಿದರೆ ಜನವರಿಯಲ್ಲಿ ಎಲ್ಲರಿಗೂ ಕೊಡಬಹುದು. ಮೂರು ಅಂದರೆ ಕಂತು ದೊಡ್ಡದಾಗುತ್ತದೆ, ಕೊಡಲಿಕ್ಕಾಗುವುದಿಲ್ಲ."

"ನೀವು ಇಲ್ಲಿಗೆ ಬರುವಾಗ ಅವರು ಏನು ಹೇಳಿದರು?"

"ಮೂರು ತೆಗೆದುಕೊಂಡು ಮನೆಗೆ ಬರಬೇಡಿ ಎಂದಳು."

ವಿರಾಮ ಸಿಕ್ಕಿದಾಗಲೆಲ್ಲ ಅವರಿಗೆ ಹೆಂಡತಿಯ ಫೋನ್ ಬರುತ್ತಿತ್ತು. ಆಚೆಯಿಂದ ಒಂದೇ ಪ್ರಶ್ನೆ: ಎಷ್ಟು? ಇವರು ಮೂರು ಅನ್ನುತ್ತಿದ್ದರು. ಅಷ್ಟಕ್ಕೇ ಫೋನ್ ಕಟ್ ಆಗುತ್ತಿತ್ತು.

ನಿಧಿಯ ಕಡೆ ಮೇಜಿನ ತಲೆಗೆ ಕೂರುತ್ತಿದ್ದವರು ಅಲ್ಲಿನ ಹಿರಿಯರು. ಎಪ್ಪತ್ತು ದಾಟಿದವರು, ಮೈಮೇಲೆ ಕಂದೂರ ಎಂಬ ಬಿಳಿ ನಿಲುವಂಗಿ, ಕೈಯಲ್ಲಿ ಜಪಮಣಿ. ಕೊನೆಯ ಸಹಿ ಅವರದೇ. ಆದರೆ ಮಾತೆಲ್ಲ ಅವರ ವಕೀಲರದು, 'ಮೂರು' ಎಂಬ ಹಟವೂ ವಕೀಲರದೇ. ಹಿರಿಯರು ಸುಮ್ಮನೆ ಎಲ್ಲರನ್ನೂ ನೋಡುತ್ತಾ ಕೂರುತ್ತಿದ್ದರು.

ಅಲ್ಲಿ ಕಾಫಿ ಕೊಡುವವನು ಒಬ್ಬ. ದಲ್ಲಾ ಎಂಬ ಉದ್ದ ಕೊಕ್ಕಿನ ಹೂಜಿ ಹಿಡಿದು, ಹಿಡಿಕೆಯಿಲ್ಲದ ಪುಟ್ಟ ಫಿಂಜಾನ್ ಲೋಟಕ್ಕೆ ಎರಡು ಗುಟುಕಿನಷ್ಟು ಏಲಕ್ಕಿ ಕಾಫಿ ಬಗ್ಗಿಸುತ್ತಾನೆ. ಖಾಲಿಯಾದರೆ ಮತ್ತೆ ಬಗ್ಗಿಸುತ್ತಾನೆ. ಸಾಕೆಂದು ಬಾಯಲ್ಲಿ ಹೇಳುವ ಪದ್ಧತಿಯಿಲ್ಲ, ಲೋಟವನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಅಲ್ಲಾಡಿಸಿ ಕೊಡಬೇಕು. ಇಷ್ಟು ವರ್ಷ ಇಲ್ಲಿದ್ದವರಿಗೆಲ್ಲ ಗೊತ್ತು. ಉಪಕಾರ್ಯದರ್ಶಿಗೆ ಗೊತ್ತಿರಲಿಲ್ಲ. ಅವರ ದ್ವೀಪದಲ್ಲಿ ಬಗ್ಗಿಸಿ ಕೊಟ್ಟದ್ದನ್ನು ಬಿಟ್ಟರೆ ಮನೆಯವರಿಗೆ ಅವಮಾನ. ಹಾಗಾಗಿ ಅವನು ಬಗ್ಗಿಸಿದ, ಇವರು ಕುಡಿದರು. ಇವರು ಕುಡಿದರು, ಅವನು ಬಗ್ಗಿಸಿದ. ಇಬ್ಬರೂ ತಂತಮ್ಮ ಮರ್ಯಾದೆಯನ್ನು ಒಂದಿಷ್ಟೂ ಬಿಟ್ಟುಕೊಡಲಿಲ್ಲ. ನಾನು ಎಣಿಸಿದೆ, ಎಣಿಸದೆ ಇರಲು ನನಗೆ ಬರುವುದಿಲ್ಲ. ಹನ್ನೊಂದು.

ವಿರಾಮದಲ್ಲಿ ಅವರ ಬಳಿ ಹೋಗಿ ಮೆಲ್ಲಗೆ ಹೇಳಿದೆ: "ಸಾಕೆನಿಸಿದರೆ ಲೋಟ ಅಲ್ಲಾಡಿಸಬೇಕು."

ಅವರು ತಮ್ಮ ಕೈಯನ್ನು ತಿರುಗಿಸಿ ನೋಡಿಕೊಂಡರು.

"ಓ, ಅದಕ್ಕೋ," ಎಂದರು. "ಹನ್ನೊಂದನೆಯದು ಕುಡಿಯುವಷ್ಟರಲ್ಲಿ ನನ್ನ ಕೈ ತಾನಾಗಿಯೇ ನಡುಗುತ್ತಿತ್ತು. ಪಾಪ, ಮನುಷ್ಯನಿಗೆ ಕನಿಕರ ಬಂದು ನಿಲ್ಲಿಸಿದ ಅಂದುಕೊಂಡಿದ್ದೆ."

ಮೌನದ ಟಿಪ್ಪಣಿ

ಆ ಹನ್ನೊಂದು ಫಿಂಜಾನಿನಿಂದ ಉಪಕಾರ್ಯದರ್ಶಿಗೆ ಹೊಟ್ಟೆಯುರಿ ಹಿಡಿಯಿತು. ಮರುದಿನದಿಂದ ಒಂದೇ ಫಿಂಜಾನ್ ಕುಡಿದು ಅಲ್ಲಾಡಿಸುತ್ತಿದ್ದರು, ಆದರೂ ಉರಿ ಇಳಿಯಲಿಲ್ಲ. ನಾನು ಫ್ಲಾಸ್ಕಿನ ಮುಚ್ಚಳದಲ್ಲಿ ಸ್ವಲ್ಪ ಕಷಾಯ ಕೊಟ್ಟೆ. ಮದ್ದೆಂದು ಭಾವಿಸಿ ಕಣ್ಣು ಮುಚ್ಚಿ ಕುಡಿದರು.

ಎಂಟನೇ ದಿನ ಊಟದ ಹೊತ್ತಿಗೆ ನನ್ನ ಫ್ಲ್ಯಾಟಿನ ಏಜೆಂಟನ ಫೋನ್ ಬಂತು. ಇಲ್ಲಿ ವರ್ಷದ ಬಾಡಿಗೆಗೆ ಮುಂದಿನ ತಾರೀಖು ಹಾಕಿದ ಚೆಕ್‌ಗಳನ್ನು ಮೊದಲೇ ಕೊಡಬೇಕು. ಮನೆಯವನಿಗೆ ಕಡಿಮೆ ಚೆಕ್ ಬೇಕು, ಇರುವವರಿಗೆ ಹೆಚ್ಚು ಬೇಕು. ನಮ್ಮದು ನಾಲ್ಕು ಚೆಕ್ ಇತ್ತು. ಈಗ ಮನೆಯಲ್ಲಿ ಸಂಬಳ ಒಂದೇ.

"ಆರು ಚೆಕ್," ಎಂದೆ.

"ಕಷ್ಟ ಮೇಡಂ. ನಾಲ್ಕೇ."

ನಾನು ಸುಮ್ಮನಿದ್ದೆ. ಅದು ನನ್ನ ಕ್ಲಾಸಿನ ಅಭ್ಯಾಸ. ಪ್ರಶ್ನೆ ಕೇಳಿದ ಮೇಲೆ ಉತ್ತರ ಬರುವವರೆಗೆ ಮಾತಾಡುವುದಿಲ್ಲ. ಯಾರಾದರೊಬ್ಬರಿಗೆ ತಡೆಯಲಾಗದೆ ಉತ್ತರ ಬರುತ್ತದೆ.

"ಹಲೋ? ಮೇಡಂ? ... ಸರಿ, ಐದು ಮಾಡುವ." ಸುಮ್ಮನಿದ್ದೆ. "ಹಲೋ? ... ಖಲಾಸ್ ಮೇಡಂ, ಆರು."

ಉಪಕಾರ್ಯದರ್ಶಿ ಊಟ ನಿಲ್ಲಿಸಿ ನೋಡುತ್ತಿದ್ದರು. ಏನೆಂದು ಕೇಳಿದರು. ಹೇಳಿದೆ.

"ನೀವು ಕೇಳಿದ್ದೂ ಆರೇ?" ಎಂದರು. "ನಿಮಗೆ ಎರಡು ನಿಮಿಷ ಸಾಕಾಯಿತು. ನನಗೆ ಎಂಟು ದಿನ ಆಯಿತು. ಅದನ್ನು ಹೇಗೆ ಮಾಡುವುದು?"

"ಕೇಳಿ, ಸುಮ್ಮನಿರಬೇಕು."

ಮರುದಿನ ಅವರು ಹಾಗೆಯೇ ಮಾಡಿದರು. ಆರು ವರ್ಷ ಎಂದು ಹೇಳಿ, ಕೈ ಕಟ್ಟಿ, ನೇರವಾಗಿ ಹಿರಿಯರನ್ನು ನೋಡುತ್ತಾ ಸುಮ್ಮನೆ ಕೂತರು. ನಾನು ಒಂದು ಮಾತು ಹೇಳಲು ಮರೆತಿದ್ದೆ, ಈ ವಿದ್ಯೆ ನಡೆಯುವುದು ಸುಮ್ಮನಿರಲು ಬಾರದವರ ಮುಂದೆ ಮಾತ್ರ. ಹಿರಿಯರು ಬಾಲ್ಯದಲ್ಲಿ ಮರುಭೂಮಿಯಲ್ಲಿ ಒಂಟೆ ಕಾಯ್ದವರು. ಅವರಿಗೆ ಅದು ಮಾತುಕತೆ ಶುರುವಾದ ಮೇಲೆ ಸಿಕ್ಕಿದ ಮೊದಲ ವಿಶ್ರಾಂತಿ. ಆರಾಮವಾಗಿ ಜಪಮಣಿ ಎಣಿಸತೊಡಗಿದರು.

ಎರಡೂ ಕಡೆಯ ವಕೀಲರಿಗೆ ಏನು ಮಾಡಬೇಕೆಂದು ಗೊತ್ತಾಗಲಿಲ್ಲ. ಮೊದಲು ಮಾತಾಡಿದವರು ಸೋತಂತೆ ಎಂಬುದು ಮಾತ್ರ ಎಲ್ಲರಿಗೂ ಹೇಗೋ ಗೊತ್ತಾಗಿತ್ತು. ಕೊನೆಗೆ ಬಾಗಿಲು ತೆರೆದು ಒಬ್ಬ ಮಲಯಾಳಿ ಇಣುಕಿ, "ಎಸಿ ಕಂಪ್ಲೇಂಟ್ ಇಲ್ಲೇನಾ?" ಎಂದ. ಹನ್ನೆರಡು ಮಂದಿ ಒಟ್ಟಿಗೆ ಅಲ್ಲ ಅಂದರು. ಅಷ್ಟೂ ದಿನಗಳಲ್ಲಿ ಅವರೆಲ್ಲ ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ.

ನಾನು ಟಿಪ್ಪಣಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆ: 'ಹನ್ನೊಂದು ಗಂಟೆ ಹತ್ತು ನಿಮಿಷದಿಂದ ಹನ್ನೊಂದು ಮೂವತ್ತೆರಡರವರೆಗೆ ಯಾರೂ ಮಾತಾಡಲಿಲ್ಲ.'

ಅದಕ್ಕೆ ನಿಧಿಯ ವಕೀಲರು ಆಕ್ಷೇಪ ಎತ್ತಿದರು. ಹಾಗೆ ಬರೆದರೆ ತಮ್ಮ ಬಳಿ ಉತ್ತರವಿರಲಿಲ್ಲ ಅನ್ನಿಸುತ್ತದೆ, 'ರಚನಾತ್ಮಕವಾಗಿ ಮೌನವಾಗಿದ್ದರು' ಎಂದು ಬರೆಯಬೇಕು. ದ್ವೀಪದ ವಕೀಲರು ಒಪ್ಪಲಿಲ್ಲ. ರಚನಾತ್ಮಕವಾಗಿದ್ದದ್ದು ತಮ್ಮ ಕಡೆಯ ಮೌನ ಮಾತ್ರ, ಆಚೆ ಕಡೆಯದ್ದು ಬರೀ ಮೌನ.

ಇಪ್ಪತ್ತೆರಡು ನಿಮಿಷದ ಆ ಮೌನದ ಬಗ್ಗೆ ಅವರು ಐವತ್ತು ನಿಮಿಷ ಮಾತಾಡಿದರು. ಅದನ್ನೂ ಬರೆದುಕೊಂಡೆ.

ಕೆಳಗಿಟ್ಟ ಲೋಟ

ಹತ್ತನೇ ದಿನ ಕೊನೆಯದು. ಅವತ್ತು ತೀರ್ಮಾನವಾಗದಿದ್ದರೆ ಮರುದಿನ ಕಂತಿನ ಗಡುವು. ಕಾರಿನಲ್ಲಿ ಹಾಜಿಯವರು ರೇಡಿಯೋ ಕೂಡ ಹಾಕಲಿಲ್ಲ.

"ನಾಲ್ಕೂವರೆ ವರ್ಷಕ್ಕೆ ಮುಗಿಯುತ್ತದೋ ಏನೋ," ಎಂದೆ.

"ನಿಮಗೆ ಯಾರು ಹೇಳಿದ್ದು?"

"ಟ್ಯಾಕ್ಸಿಯವನು."

ಉಪಕಾರ್ಯದರ್ಶಿ ಬಂದಾಗ ಮುಖ ಬಿಳಿಚಿತ್ತು. ಒಂದು ಕೈ ಹೊಟ್ಟೆಯ ಮೇಲಿತ್ತು. ಕಷಾಯ ಕೊಡಲು ಹೋದೆ, ಈಗ ಏನು ಕುಡಿದರೂ ನಿಲ್ಲುವುದಿಲ್ಲ ಅಂದರು. ನಮ್ಮವರೂ ಹೀಗೇ ಅನ್ನುತ್ತಿದ್ದರು. ಅವರಿಗೆ ಹೇಳುತ್ತಿದ್ದ ದನಿಯಲ್ಲೇ ಇವರಿಗೂ ಹೇಳಿದೆ:

"ಇವತ್ತು ಕಾಫಿ ಮುಟ್ಟಬೇಡಿ. ಕೊಟ್ಟರೆ ಲೋಟ ತೆಗೆದುಕೊಳ್ಳಿ, ಮರ್ಯಾದೆಗೆ. ಕುಡಿಯದೆ ಮುಂದೆ ಇಟ್ಟುಬಿಡಿ. ಯಾರೂ ಗಮನಿಸುವುದಿಲ್ಲ."

ಎಲ್ಲರೂ ಕೂತರು. ಕಾಫಿಯವನು ಬಗ್ಗಿಸಿದ. ಇವರು ಬಲಗೈಯಲ್ಲಿ ಲೋಟ ತೆಗೆದುಕೊಂಡು, ನಾನು ಹೇಳಿದಂತೆಯೇ, ತುಟಿಗೆ ತಾಗಿಸದೆ ಮೇಜಿನ ಮೇಲಿಟ್ಟರು.

ಕಾಫಿಯವನು ನಿಂತಲ್ಲೇ ನಿಂತ. ಹಿರಿಯರ ಅಕ್ಕಪಕ್ಕ ಕೂತಿದ್ದ ಅರಬ್ ವಕೀಲರು ಮಾತು ನಿಲ್ಲಿಸಿದರು. ಹಿರಿಯರ ಬೆರಳಿನಲ್ಲಿ ಜಪಮಣಿ ನಿಂತಿತು. ಲಂಡನ್ನಿನ ವಕೀಲರು ಮಾತ್ರ ಏನೂ ಆಗಿಲ್ಲವೆಂಬಂತೆ ಮೂರನೇ ಪುಟ ಓದುತ್ತಲೇ ಇದ್ದರು. ಹಾಜಿಯವರು ನನ್ನ ಕಡೆ ಬಾಗಿದರು.

"ಟೀಚರೇ, ಲೋಟ ಕೆಳಗಿಡ್ಲಿಕ್ಕೆ ಇವರಿಗೆ ಯಾರು ಹೇಳಿಕೊಟ್ಟದ್ದು?"

"ನಾನು."

"ನೀವಾ?" ಅವರು ಕರ್ಚೀಫು ತೆಗೆದು ಹಣೆ ಒರಸಿಕೊಂಡರು. "ಇದು ಇವರ ಡೇರೆಯ ಕಾಲದ ಪದ್ಧತಿ ಮಾರಾಯ್ರೆ. ಬಂದ ಅತಿಥಿ ಮೊದಲ ಲೋಟ ಕುಡಿಯದೆ ಕೆಳಗಿಟ್ಟರೆ, ಅವನಿಗೆ ಏನೋ ಬೇಡಿಕೆ ಉಂಟು ಅಂತ. ನಡೆಸಿ ಕೊಡ್ತೇನೆ ಅಂತ ಮನೆಯವ ಹೇಳದೆ ಅವ ಕುಡಿಯುವುದಿಲ್ಲ. ಅತಿಥಿಯನ್ನು ಹಾಗೇ ಕಳಿಸಿದರೆ ಇಡೀ ಮನೆತನಕ್ಕೆ ನಾಚಿಕೆ. ಈಗ ಎರಡರಲ್ಲಿ ಒಂದು. ಅವರಿಗೆ ಆರು ವರ್ಷ ಸಿಗ್ತದೆ, ಇಲ್ಲದಿದ್ರೆ ನನ್ನ ಆಫೀಸು ಮುಚ್ತದೆ."

ನಾನು ಏಳಲು ಹೊರಟೆ. ಇದು ತಪ್ಪು ತಿಳಿವಳಿಕೆ, ಇವರಿಗೆ ಹೊಟ್ಟೆಯುರಿ ಅಷ್ಟೇ ಎಂದು ಹೇಳಬೇಕಲ್ಲ. ತಪ್ಪು ಕಂಡರೆ ತಿದ್ದದೆ ನನಗೆ ಕೂರಲಾಗುವುದಿಲ್ಲ. ಹಾಜಿಯವರು ನನ್ನ ನೋಟ್‌ಬುಕ್ಕಿನ ಮೂಲೆ ಹಿಡಿದರು.

"ಕೂತ್ಕೊಳ್ಳಿ ಟೀಚರೇ. ಇದು ಪರೀಕ್ಷೆ ಅಲ್ಲ."

ಹಿರಿಯರು ಮಾತಾಡಿದರು. ದುಭಾಷಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದ: "ನಮ್ಮ ಅತಿಥಿ ಕಾಫಿ ಕುಡಿಯುತ್ತಿಲ್ಲ. ಅವರಿಗೆ ಏನು ಬೇಕು?"

ನಾನು ಉಪಕಾರ್ಯದರ್ಶಿಯ ಬಾಯಿಯನ್ನೇ ನೋಡಿದೆ. ಸಭ್ಯ ಮನುಷ್ಯ, ಏನೂ ಬೇಡ, ಸ್ವಲ್ಪ ನೀರು ಸಾಕು ಅಂದುಬಿಟ್ಟರೆ ಅಲ್ಲಿಗೆ ಮುಗಿಯಿತು, ನೀರೇ ಸಿಗುತ್ತದೆ. ಆದರೆ ಒಂಬತ್ತು ದಿನ ಅದೇ ಪ್ರಶ್ನೆಗೆ ಅದೇ ಉತ್ತರ ಹೇಳಿದ್ದ ಬಾಯಿ ಅದು. ಮಗ್ಗಿ ಒಪ್ಪಿಸಿದ ಹಾಗೆ ಬಂತು.

"ಆರು ವರ್ಷ."

ಹಿರಿಯರು ತಲೆಯಾಡಿಸಿದರು. "ಕೊಟ್ಟಿದೆ. ಕಾಫಿ ಕುಡಿಯಿರಿ."

ನಿಧಿಯ ವಕೀಲರು ಮೂರನೇ ಪುಟದಿಂದ ತಲೆಯೆತ್ತಿದರು. "ಕ್ಷಮಿಸಿ, ಯಾವ ಕಲಮಿನ ಪ್ರಕಾರ?" ಎಂದು ಕೇಳಿದರು. ಎಲ್ಲರೂ ಲೋಟವನ್ನೇ ನೋಡುತ್ತಿದ್ದರು.

ಈಗ ಅದನ್ನು ಕುಡಿಯಲೇಬೇಕಾಗಿತ್ತು. ಉಪಕಾರ್ಯದರ್ಶಿ ನನ್ನ ಕಡೆ ನೋಡಿದರು. ಕಹಿ ಮದ್ದು ಹಿಡಿದು ನಿಂತ ಮಗುವಿಗೆ ಮಾಡುವಂತೆ ನಾನು ತಲೆಯಾಡಿಸಿದೆ. ಅವರು ಒಂದೇ ಗುಟುಕಿಗೆ ನುಂಗಿದರು. ಕಾಫಿಯವನು ಸಂತೋಷದಿಂದ ದಲ್ಲಾ ಬಗ್ಗಿಸಲು ಬಂದ. ಅವರು ಎರಡೂ ಕೈಯಲ್ಲಿ ಲೋಟ ಹಿಡಿದು, ಶಾಲೆಯ ಗಂಟೆ ಬಾರಿಸುವಂತೆ ಅಲ್ಲಾಡಿಸಿದರು.

ಟಿಪ್ಪಣಿಯಲ್ಲಿ ಏನು ಬರೆಯುವುದೆಂದು ಬಹಳ ಹೊತ್ತು ಯೋಚಿಸಿದೆ. ಕೊನೆಗೆ ಎರಡು ವಾಕ್ಯ ಬರೆದೆ: 'ಅತಿಥಿ ಕಾಫಿ ಕುಡಿಯಲಿಲ್ಲ. ಆತಿಥೇಯರು ಆರು ವರ್ಷಕ್ಕೆ ಒಪ್ಪಿದರು.' ಎರಡೂ ಸತ್ಯ. ನಡುವೆ 'ಆದ್ದರಿಂದ' ಎಂದು ಬರೆಯಲಿಲ್ಲ. ಗಣಿತದಲ್ಲಿ ಆ ಚಿಹ್ನೆ ಹಾಕುವ ಮೊದಲು ಸಾಧಿಸಿ ತೋರಿಸಬೇಕು.

ಹೊರಗೆ ಬಂದ ಕೂಡಲೇ ಉಪಕಾರ್ಯದರ್ಶಿಗೆ ಹೆಂಡತಿಯ ಫೋನ್ ಬಂತು. ಆಚೆಯಿಂದ ಅದೇ ಪ್ರಶ್ನೆ. ಇವರು ಉತ್ತರ ಕೊಟ್ಟರು. ಈ ಸಲ ಫೋನ್ ಕಟ್ ಆಗಲಿಲ್ಲ. ಇವರು ಫೋನ್ ಹಿಡಿದು ಕಿಟಕಿಯ ಕಡೆ ತಿರುಗಿ ನಿಂತರು. ಆಮೇಲೆ ಆಚೆಯಿಂದ ದನಿ ಬಂತು, ಉದ್ದವಾಗಿ. ಏನಂತೆ ಎಂದು ಕೇಳಿದೆ.

"ಹೇಗೆ ಸಿಕ್ಕಿತು ಎಂದು ಕೇಳಿದಳು. ಕಾಫಿ ಕುಡಿಯದೆ ಕೂತೆ, ಸಿಕ್ಕಿತು ಎಂದೆ. ಕಾಫಿ ಬಿಡಿ ಬಿಡಿ ಎಂದು ಹತ್ತು ವರ್ಷದಿಂದ ಹೇಳುತ್ತಿದ್ದೇನೆ, ಮೊದಲೇ ಬಿಟ್ಟಿದ್ದರೆ ದೇಶಕ್ಕೆ ಇಷ್ಟು ಕಷ್ಟವೇ ಇರುತ್ತಿರಲಿಲ್ಲ ಅನ್ನುತ್ತಿದ್ದಾಳೆ."

ಅವರು ಸಹಿಗೆ ಒಳಗೆ ಹೋದರು. ನಾನು ಪಡಸಾಲೆಯ ಬೆಂಚಿನಲ್ಲಿ ಕಾಗದ ಜೋಡಿಸಿಕೊಳ್ಳುತ್ತಿದ್ದೆ. ಹಿರಿಯರು ನಿಧಾನಕ್ಕೆ ನಡೆದು ಬಂದು ಎದುರು ನಿಂತರು. ಎದ್ದು ನಿಂತೆ. ಹಾಜಿಯವರೂ ಓಡಿ ಬಂದರು. ಹಿರಿಯರು ಮಾತಾಡಿದ್ದು ಹಿಂದಿಯಲ್ಲಿ. ಹರೆಯದಲ್ಲಿ ವ್ಯಾಪಾರಕ್ಕೆಂದು ಮುಂಬೈಗೆ ಹೋಗಿ ಬಂದು ಮಾಡಿದವರು. ಅವರ ಹಿಂದಿ ನನ್ನದಕ್ಕಿಂತ ಚೆನ್ನಾಗಿತ್ತು.

"ಆ ಫ್ಲಾಸ್ಕಿನಲ್ಲಿ ಏನು?"

"ಜೀರಿಗೆ ನೀರು. ಹೊಟ್ಟೆಯುರಿಗೆ."

"ನಾಲ್ಕು ದಿನದಿಂದ ನೋಡುತ್ತಿದ್ದೇನೆ, ಅವರಿಗೆ ಕೊಡುತ್ತಿದ್ದಿರಿ. ಇವತ್ತು ಅವರು ಹೊಟ್ಟೆ ಹಿಡಿದುಕೊಂಡು ಬಂದದ್ದನ್ನೂ ನೋಡಿದೆ."

ಹಾಜಿಯವರ ಕರ್ಚೀಫು ಮತ್ತೆ ಹೊರಗೆ ಬಂತು. "ನೋಡಿಯೂ ಆರು ವರ್ಷ ಕೊಟ್ಟಿರಾ?"

"ನಮ್ಮ ವಕೀಲರಿ​ಗೆ ಟೀಚರುಗಳ ಸಂಬಳ ಒಂದು ಕಾರಣವಲ್ಲ. ಹೊಟ್ಟೆನೋವೂ ಅಲ್ಲ," ಎಂದರು ಹಿರಿಯರು. "ಪದ್ಧತಿ ಎಂದರೆ ಮಾತ್ರ ಬಾಯಿ ಮುಚ್ಚುತ್ತಾರೆ. ಅದನ್ನು ಯಾರಾದರೂ ತಂದು ಮೇಜಿನ ಮೇಲಿಡಲಿ ಎಂದು ಕಾಯುತ್ತಿದ್ದೆ." ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಮೇರಾ ಭೀ ಪೇಟ್ ಐಸಾ ಹೀ ಹೈ. ನನಗೂ ಅದೇ ಉರಿ. ಐವತ್ತು ವರ್ಷದಿಂದ ಬಂದವರ ಜೊತೆಯೆಲ್ಲ ಆ ಕಾಫಿ ಕುಡಿಯುತ್ತಿದ್ದೇನೆ."

ನಾನು ಮುಚ್ಚಳ ಬಿಚ್ಚಿ ಬಗ್ಗಿಸಿ ಕೊಟ್ಟೆ. ಅವರು ಬಲಗೈಯಲ್ಲಿ ತೆಗೆದುಕೊಂಡು ಬೆಂಚಿನಲ್ಲಿ ಕೂತು ಕುಡಿದರು. ಖಾಲಿ ಮುಚ್ಚಳ ಮುಂದೆ ಹಿಡಿದರು. ಕೈ ಅಲುಗಲಿಲ್ಲ. ಮತ್ತೆ ಬಗ್ಗಿಸಿದೆ. ಕುಡಿದು ಮತ್ತೆ ಮುಂದೆ ಹಿಡಿದರು. ದಲ್ಲಾ ಹಿಡಿದ ಕಾಫಿಯವನು ಬಾಗಿಲಲ್ಲಿ ನಿಂತು ಒಮ್ಮೆ ನನ್ನನ್ನೂ ಒಮ್ಮೆ ಅವರನ್ನೂ ನೋಡುತ್ತಿದ್ದ.

ನನ್ನ ಒಂದು ಲೋಟವೂ ಮುಗಿಯಿತು, ನಮ್ಮವರ ಎರಡು ಲೋಟವೂ ಮುಗಿಯಿತು. ಹಿರಿಯರು ಮುಚ್ಚಳ ಅಲ್ಲಾಡಿಸಲಿಲ್ಲ. ಕೊನೆಗೆ ನಾನೇ ಫ್ಲಾಸ್ಕನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ತೋರಿಸಬೇಕಾಯಿತು.